ಲಾಲ್‌ಬಾಗ್, ಕಬ್ಬನ್ ಪಾರ್ಕ್: ಅಪರೂಪದ ಮರಗಳನ್ನೂ ಋತುಮಾನದ ಹೂಗಳನ್ನೂ ನೋಡುವ ಬಗೆ

ಲಾಲ್‌ಬಾಗಿಗೆ ಹೋಗಿಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಗಾಜಿನ ಮನೆ, ಹೂವಿನ ಗಡಿಯಾರ, ಬಂಡೆ, ಕೆರೆ ಎಂಬ ಉತ್ತರ ಬರುತ್ತದೆ. ಒಂದು ಮರದ ಹೆಸರು ಬರುವುದು ಅಪರೂಪ. ಹೈದರಾಲಿ 1760ರಲ್ಲಿ ಆರಂಭಿಸಿ, ಟಿಪ್ಪು ಸುಲ್ತಾನ್ ಬೆಳೆಸಿ, 1856ರಲ್ಲಿ ಸರ್ಕಾರಿ ಸಸ್ಯತೋಟವೆನಿಸಿಕೊಂಡ ಈ 240 ಎಕರೆಯಲ್ಲಿ ಬರ್ಮಾದ, ಮಡಗಾಸ್ಕರಿನ, ಆಫ್ರಿಕದ, ಅಮೆಜಾನ್ ಕಾಡಿನ, ಪೆಸಿಫಿಕ್ ದ್ವೀಪಗಳ ಮರಗಳು ನಮ್ಮ ಹೊಂಗೆ, ಮುತ್ತುಗ, ಸಂಪಿಗೆಗಳ ಪಕ್ಕದಲ್ಲಿ ಒಂದೇ ಮಣ್ಣನ್ನು ಹಂಚಿಕೊಂಡು ನಿಂತಿವೆ. ಇಂಥ ತೋಟಕ್ಕೆ ಬಿಡುವು ಸಿಕ್ಕ ದಿನ ಸುಮ್ಮನೆ ಹೋದರೆ ನೆರಳು ಸಿಗುತ್ತದೆ, ಗಾಳಿ ಸಿಗುತ್ತದೆ. ಆದರೆ ವರ್ಷದಲ್ಲಿ ಹತ್ತೇ ದಿನ ಹೂಬಿಡುವ ಮರವೊಂದು ಕಣ್ಣಿಗೆ ಬೀಳುವುದು ಅದೃಷ್ಟಕ್ಕೆ ಬಿಟ್ಟದ್ದು. ಆ ಅದೃಷ್ಟವನ್ನು ನಂಬದೆ, ಯಾವ ತಿಂಗಳು, ಯಾವ ಹೊತ್ತು, ಯಾವ ಮರದ ಬುಡಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇದರ ಬಹುಪಾಲು ಲಾಲ್‌ಬಾಗಿನದು. ಕಬ್ಬನ್ ಪಾರ್ಕಿಗೂ ಒಂದು ಭಾಗವಿದೆ.

ಮೊದಲ ಹೆಜ್ಜೆ: ಹೋಗುವ ದಿನವನ್ನು ಮರವೇ ಗೊತ್ತುಮಾಡಲಿ

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಉಷ್ಣವಲಯದಲ್ಲಿದ್ದರೂ ಇಲ್ಲಿ ಸುಡುಬಿಸಿಲೂ ಕಡಿಮೆ, ಕೊರೆಯುವ ಚಳಿಯೂ ಕಡಿಮೆ. ಆದ್ದರಿಂದ ಬೇರೆ ಬೇರೆ ಖಂಡಗಳ ಮರಗಳು ಇಲ್ಲಿ ಬದುಕಿಕೊಂಡವು, ತಮ್ಮ ತಮ್ಮ ಪಂಚಾಂಗವನ್ನೂ ಉಳಿಸಿಕೊಂಡವು. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಸಸ್ಯತೋಟದಲ್ಲಿ ಕೆಲಸ ಮಾಡಿ, ಬರೋಡದ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜಿ.ಎಚ್. ಕೃಂಬಿಗಲ್ ಈ ಸಂಗತಿಯನ್ನು ಚೆನ್ನಾಗಿ ಬಳಸಿಕೊಂಡರು. ಒಂದು ಜಾತಿಯ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಅರಳಿ, ವರ್ಷವಿಡೀ ಊರಿನ ಯಾವುದಾದರೂ ಬೀದಿಯಲ್ಲಿ ಬಣ್ಣವಿರುವಂತೆ ಸಾಲುಮರಗಳನ್ನು ಆಯ್ದು ನೆಡುವ ಯೋಜನೆ ಅವರದು. ನೋಡಲು ಹೊರಟವರು ಹಿಡಿಯಬೇಕಾದದ್ದು ಆ ಸರಣಿಯನ್ನೇ.

ಸರಣಿಯನ್ನು ನವೆಂಬರಿನಿಂದ ಹಿಡಿಯುವುದು ಅನುಕೂಲ. ಮಳೆ ಹಿಂದೆ ಸರಿಯುತ್ತಿದ್ದಂತೆ ಆಕಾಶಮಲ್ಲಿಗೆ ಅರಳುತ್ತದೆ. ಬಿರಟೆ ಮರ ಎಂದರೂ ಇದೇ. ಎತ್ತರದ ಕೊಂಬೆಗಳಲ್ಲಿರುವ ಹೂ ಕಾಣುವುದಕ್ಕಿಂತ ಮೊದಲು ನೆಲದ ಮೇಲೆ ಚೆಲ್ಲಿರುವ ಉದ್ದ ಕೊಳವೆಯ ಬಿಳಿ ಹೂಗಳೂ ಅವುಗಳ ಪರಿಮಳವೂ ಮರದ ವಿಳಾಸ ಹೇಳುತ್ತವೆ. ಆಫ್ರಿಕದ ನೀರುಕಾಯಿ ಮರ, ಅಂದರೆ ಸ್ಪ್ಯಾಥೋಡಿಯಾ, ಅದೇ ಹೊತ್ತಿಗೆ ಕೊಂಬೆಯ ತುದಿಗಳಲ್ಲಿ ಕಿತ್ತಳೆಗೆಂಪು ಬಟ್ಟಲುಗಳನ್ನು ಹಿಡಿಯುತ್ತದೆ. ಅದರ ಮೊಗ್ಗಿನೊಳಗಿನ ನೀರನ್ನು ಪಿಚಕಾರಿಯಂತೆ ಹಾರಿಸಿ ಆಡಿದ ನೆನಪು ಬೆಂಗಳೂರಿನಲ್ಲಿ ಬೆಳೆದ ಅನೇಕರಿಗೆ ಇರುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಗುಲಾಬಿ ತಬೂಬಿಯಾಗಳ ಮೊದಲ ಸುತ್ತು ಬರುತ್ತದೆ.

ಜನವರಿಯಿಂದ ಮಾರ್ಚ್‌ವರೆಗಿನ ಕಾಲ ಅತ್ಯಂತ ಸಮೃದ್ಧವಾದದ್ದು. ವರ್ಷಕ್ಕೆ ಒಂದೇ ಒಂದು ಸಲ ಬರಲು ಸಾಧ್ಯವೆನ್ನುವವರಿಗೆ ನಾನು ಸೂಚಿಸುವುದು ಫೆಬ್ರವರಿಯ ಕೊನೆಯ ವಾರವನ್ನು. ಒಣಹವೆಗೆ ಎಲೆ ಉದುರಿಸಿಕೊಂಡ ಮರಗಳು ಬರಿಗೊಂಬೆಗಳ ಮೇಲೆಯೇ ಹೂ ತಳೆಯುವುದರಿಂದ ಮರದ ಇಡೀ ಆಕಾರ ಬಣ್ಣದಲ್ಲಿ ಕಾಣಿಸುತ್ತದೆ. ಬೂರುಗದ ದಪ್ಪ ಕೆಂಪು ಹೂಗಳಿಗೆ ಮೈನಾ, ಕಾಗೆ, ಗಿಳಿಗಳು ಬೆಳಗಿನಿಂದ ಮುತ್ತಿಕೊಳ್ಳುತ್ತವೆ. ಹಾಲುವಾಣ ಮತ್ತು ಮುತ್ತುಗ ಕಿಡಿ ಹೊತ್ತಿದಂತೆ ಇರುತ್ತವೆ. ಗುಲಾಬಿ ತಬೂಬಿಯಾ ಎರಡನೆಯ ಸುತ್ತು ಅರಳುತ್ತದೆ, ಹಳದಿ ತಬೂಬಿಯಾ ಅದರ ಜೊತೆಗೂಡುತ್ತದೆ, ಜಕರಾಂಡದ ನೇರಳೆ ಶುರುವಾಗುತ್ತದೆ. ಲಾಲ್‌ಬಾಗಿನ ಅತಿ ಅಪರೂಪದ ಮರಗಳಲ್ಲಿ ಒಂದಾದ ಆಮ್ಹರ್ಸ್ಟಿಯಾ ಹೂಬಿಡುವುದೂ ಚಳಿಗಾಲದ ಕೊನೆಯಿಂದ ಬೇಸಿಗೆಯ ಮೊದಲ ಭಾಗದವರೆಗಿನ ಈ ಅವಧಿಯಲ್ಲೇ.

ಯುಗಾದಿಯ ಹೊತ್ತಿಗೆ ಹೂವಿನಷ್ಟೇ ಚಿಗುರನ್ನೂ ನೋಡಬೇಕು. ಹೊಂಗೆಯ ಎಳೆಹಸಿರು, ಬೇವಿನ ತಾಮ್ರದ ಬಣ್ಣದ ಕುಡಿ, ಅರಳಿಯ ನಸುಗೆಂಪು ಎಲೆ ಇವು ಹದಿನೈದು ದಿನಗಳಲ್ಲಿ ಮುಗಿದುಹೋಗುವ ನೋಟಗಳು. ಏಪ್ರಿಲ್, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು, ಹೊಳೆದಾಸವಾಳದ ನಸುನೇರಳೆ, ಕೆಂಪು ಗುಲ್‌ಮೊಹರ್, ತಾಮ್ರವರ್ಣದ ಕಾಯಿಯ ಹಳದಿ ಪೆಲ್ಟೋಫೋರಮ್ ಒಟ್ಟೊಟ್ಟಿಗೆ ಬರುತ್ತವೆ. ಈ ತಿಂಗಳುಗಳ ಸಂಜೆಯ ಮಳೆಗೆ ಒಂದು ರಾತ್ರಿಯಲ್ಲಿ ಎಲ್ಲವೂ ಉದುರಬಹುದಾದ್ದರಿಂದ, ಮೋಡ ಕಟ್ಟುವ ಸೂಚನೆ ಕಂಡರೆ ಮರುದಿನಕ್ಕೆ ಮುಂದೂಡದೆ ಅಂದೇ ಹೋಗುವುದು ಒಳಿತು.

ಜೂನ್, ಜುಲೈ ಮರಗಳ ಹೂವಿಗೆ ಬಡವಾದ ಕಾಲ; ಆಗ ತೊಗಟೆ, ಬೇರು, ಬಿದಿರಮೆಳೆ, ಕೆರೆಯಂಚುಗಳನ್ನು ನೋಡಬಹುದು. ಆಗಸ್ಟಿನಲ್ಲಿ ಫಲಪುಷ್ಪ ಪ್ರದರ್ಶನವಿದೆ. ಅದರ ಗದ್ದಲ ಕಳೆದ ಮೇಲೆ, ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ, ಮಡಗಾಸ್ಕರಿನ ಕೊಲ್ವಿಲಿಯಾ ಅರಳುತ್ತದೆ. ಎಲ್ಲರ ಗಮನವೂ ಬೇಸಿಗೆಯ ಗುಲ್‌ಮೊಹರಿನ ಮೇಲಿರುವುದರಿಂದ ಮಳೆಗಾಲದ ಕೊನೆಯ ಈ ಮರವನ್ನು ನೋಡಿದವರು ಬಹಳ ಕಡಿಮೆ.

ಇಲ್ಲಿ ಹೇಳಿದ ತಿಂಗಳುಗಳು ವರ್ಷದಿಂದ ವರ್ಷಕ್ಕೆ ಎರಡು ಮೂರು ವಾರ ಹಿಂದೆ ಮುಂದೆ ಆಗುತ್ತವೆ. ಮಳೆ ತಡವಾಗಿ ನಿಂತರೆ ಎಲೆ ಉದುರುವುದೂ ತಡ, ಹೂವೂ ತಡ. ಹೊರಡುವ ಮೊದಲು ನಿಮ್ಮ ಬೀದಿಯಲ್ಲೇ ಅದೇ ಜಾತಿಯ ಮರವೊಂದಿದ್ದರೆ ಅದನ್ನು ಗಮನಿಸಿ. ಮನೆಯೆದುರಿನ ತಬೂಬಿಯಾ ಎಲೆ ಉದುರಿಸಿ ಮೊಗ್ಗು ಕಟ್ಟಿದ್ದರೆ ತೋಟದ ತಬೂಬಿಯಾವೂ ಅದರಿಂದ ಬಹಳ ದೂರದಲ್ಲಿರುವುದಿಲ್ಲ.

ಎರಡನೆಯ ಹೆಜ್ಜೆ: ಹತ್ತು ಹೆಸರುಗಳ ಪಟ್ಟಿ

ಒಂದು ಭೇಟಿಗೆ ಹತ್ತು ಮರಗಳು ಸಾಕು. ಅವುಗಳ ಕನ್ನಡ ಹೆಸರಿನ ಜೊತೆಗೆ ಸಸ್ಯಶಾಸ್ತ್ರೀಯ ಹೆಸರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಲಾಲ್‌ಬಾಗಿನ ಅನೇಕ ಮರಗಳಿಗೆ ತಗುಲಿಸಿರುವ ಫಲಕಗಳಲ್ಲಿ ಸಸ್ಯಶಾಸ್ತ್ರೀಯ ಹೆಸರು ಇರುತ್ತದೆ. ಮನೆಮಾತಿನ ಹೆಸರು ಮೋಸ ಮಾಡುವ ಪ್ರಸಂಗಗಳೂ ಇವೆ. ನಮ್ಮ ಊರುಗಳಲ್ಲಿ ಕಾಂಪೌಂಡಿನ ಪಕ್ಕ ಕಂಬದಂತೆ ನೆಟ್ಟಗೆ ಬೆಳೆಸುವ, ಅಲೆಅಲೆ ಅಂಚಿನ ಉದ್ದ ಎಲೆಯ ಮರವನ್ನು ಜನ ಅಶೋಕ ಎನ್ನುತ್ತಾರೆ, ಅದು ಪಾಲಿಯಾಲ್ತಿಯಾ. ಸೀತೆ ಕುಳಿತಿದ್ದ ವನದೊಡನೆ ನಾವು ನೆನೆಯುವ ನಿಜವಾದ ಅಶೋಕ ಸರಾಕಾ ಅಶೋಕ. ಅದು ಅಷ್ಟೇನೂ ಎತ್ತರವಲ್ಲದ, ಹರಡಿಕೊಂಡ ಮರ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಳೆಯ ಕೊಂಬೆಗಳ ಮೈಮೇಲೆಯೇ ಕಿತ್ತಳೆಯಾಗಿ ಅರಳಿ ಕೆಂಪಿಗೆ ತಿರುಗುವ ಗೊಂಚಲುಗಳನ್ನು ಬಿಡುತ್ತದೆ. ಅಶೋಕ ಎಲ್ಲಿದೆ ಎಂದು ಕೇಳಿದರೆ ಮೊದಲನೆಯದನ್ನೇ ತೋರಿಸಿ ಕಳುಹಿಸುವ ಸಾಧ್ಯತೆ ಹೆಚ್ಚು. ಸರಾಕಾ ಎಂದು ಕೇಳಿ.

ತೋಟದ ಮಾಲಿಗಳಿಗೆ ಹೆಸರಿಗಿಂತ ಜಾಗ ಚೆನ್ನಾಗಿ ಗೊತ್ತು. ಹೂವಿನ ಬಣ್ಣ, ಕಾಯಿಯ ಆಕಾರ ಹೇಳಿ ವಿನಯದಿಂದ ಕೇಳಿದರೆ, ಕೆಲಸ ಬಿಟ್ಟು ಎರಡು ಹೆಜ್ಜೆ ಜೊತೆಗೆ ಬಂದು ತೋರಿಸುವವರಿದ್ದಾರೆ. ಹೋದ ವಾರ ಯಾವುದು ಅರಳಿತ್ತು, ಇನ್ನು ಯಾವುದು ಮೊಗ್ಗಿನಲ್ಲಿದೆ ಎಂಬುದನ್ನು ದಿನವೂ ಆ ಮರಗಳ ಕೆಳಗೆ ಕಸ ಗುಡಿಸುವವರಷ್ಟು ನಿಖರವಾಗಿ ಯಾವ ಪುಸ್ತಕವೂ ಹೇಳಲಾರದು.

ಮೂರನೆಯ ಹೆಜ್ಜೆ: ಹೊತ್ತು, ದಾರಿ, ಸಾಮಾನು

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ, ಅಂದರೆ ಆರು ಗಂಟೆಯ ಸುಮಾರಿಗೆ, ಒಳಗಿರುವುದು ಉತ್ತಮ. ರಾತ್ರಿ ಅರಳುವ ಹೂಗಳು ಆಗತಾನೆ ಉದುರಿ ನೆಲದ ಮೇಲೆ ಇನ್ನೂ ಬಾಡದೆ ಬಿದ್ದಿರುತ್ತವೆ. ಗುಡಿಸುವ ಕೆಲಸ ಶುರುವಾದರೆ ಅವು ಇರುವುದಿಲ್ಲ. ನಾಗಲಿಂಗದ ಪರಿಮಳ ಬೆಳಗಿನ ಹೊತ್ತು ಗಾಢವಾಗಿರುತ್ತದೆ. ಮೆಟ್ರೊದಲ್ಲಿ ಬರುವವರಿಗೆ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣ ಪಶ್ಚಿಮ ದ್ವಾರಕ್ಕೆ ಹತ್ತಿರ. ಪ್ರವೇಶ ದರ ಆಗಾಗ ಬದಲಾಗುವುದರಿಂದ ಅಂದಿನ ದರವನ್ನು ದ್ವಾರದ ಫಲಕದಲ್ಲೇ ನೋಡಿಕೊಳ್ಳಬೇಕು. ನಡೆಯಲಾಗದ ಹಿರಿಯರು ಜೊತೆಗಿದ್ದರೆ ಒಳಗೆ ಬ್ಯಾಟರಿ ವಾಹನದ ಸೌಲಭ್ಯವಿದೆ. ಆದರೆ ಅದು ಮರದ ಬುಡದಲ್ಲಿ ಕಾಯುತ್ತ ನಿಲ್ಲುವ ವಾಹನವಲ್ಲ. ಹಿರಿಯರನ್ನು ಒಂದು ಜಾಗಕ್ಕೆ ತಲುಪಿಸಿ, ಅಲ್ಲಿಂದ ಹತ್ತಿರದ ನಾಲ್ಕಾರು ಮರಗಳನ್ನು ನಿಧಾನವಾಗಿ ತೋರಿಸುವುದು ಮೇಲು.

ನೀರಿನ ಬಾಟಲಿ, ಟೋಪಿ, ನೋಟ್‌ಪುಸ್ತಕ, ಪೆನ್ಸಿಲ್ ಇವಿಷ್ಟು ಬೇಕು. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಒಂದು ದುರ್ಬೀನು. ಹಕ್ಕಿ ನೋಡುವವರು ಮಾತ್ರ ಅದನ್ನು ಒಯ್ಯುತ್ತಾರೆಂಬ ಭಾವನೆ ಇದೆ. ಎಂಬತ್ತು ಅಡಿ ಎತ್ತರದಲ್ಲಿ ಅರಳಿದ ಹೂವಿನ ಎಸಳು, ಕೇಸರ, ಗಂಟಲಿನ ಬಣ್ಣ ಇವನ್ನು ನೋಡುವುದಕ್ಕೂ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ನಾಲ್ಕನೆಯ ಹೆಜ್ಜೆ: ಲಾಲ್‌ಬಾಗಿನೊಳಗೆ

ಮೊದಲು ಬಂಡೆ ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಲಾದ ಈ ಕಲ್ಲಿನ ಮೇಲೆ ಕೆಂಪೇಗೌಡರ ಗೋಪುರವಿದೆ. ಜನ ಅಲ್ಲಿಗೆ ಹೋಗುವುದು ಊರು ನೋಡಲು. ನೀವು ತೋಟದ ನೆತ್ತಿಯನ್ನು ನೋಡಿ. ಯಾವ ದಿಕ್ಕಿನಲ್ಲಿ ಗುಲಾಬಿ ಇದೆ, ಎಲ್ಲಿ ಹಳದಿ ಇದೆ, ಯಾವ ಮರ ಬೋಳಾಗಿದೆ ಎಂಬುದು ಮೇಲಿನಿಂದ ಒಂದು ನೋಟಕ್ಕೆ ತಿಳಿಯುತ್ತದೆ. ಕೆಳಗೆ ಇಳಿದ ಮೇಲೆ ಹತ್ತಿರದ ಮರಗಳೇ ದೂರದವನ್ನು ಮರೆಮಾಡುತ್ತವೆ.

ಬಂಡೆಯಿಂದ ಗಾಜಿನ ಮನೆಯ ಕಡೆಗೆ ನಡೆಯಿರಿ. ಅದರ ಆಸುಪಾಸಿನಲ್ಲಿ ಉಳಿದೆಲ್ಲ ಮರಗಳನ್ನು ಮೀರಿ ಗೋಪುರದಂತೆ ಎದ್ದಿರುವ ಅರೌಕೇರಿಯಾಗಳು ಕಾಣುತ್ತವೆ. ಕ್ರಿಸ್‌ಮಸ್ ಮರ ಎಂದು ಜನ ಕರೆಯುವ ಇವು ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾದ ಕುಕ್ ಪೈನ್‌ಗಳು. ಜಗತ್ತಿನ ಬೇರೆ ಬೇರೆ ಕಡೆ ಬೆಳೆದಿರುವ ಕುಕ್ ಪೈನ್‌ಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಈ ಮರಗಳು ಭೂಮಧ್ಯರೇಖೆಯ ದಿಕ್ಕಿಗೆ ವಾಲುತ್ತವೆ ಎಂಬುದನ್ನು ತೋರಿಸಿತು. ಉತ್ತರ ಗೋಳಾರ್ಧದವು ದಕ್ಷಿಣಕ್ಕೆ, ದಕ್ಷಿಣ ಗೋಳಾರ್ಧದವು ಉತ್ತರಕ್ಕೆ ಬಾಗುತ್ತವೆ. ಭೂಮಧ್ಯರೇಖೆಯಿಂದ ದೂರ ಹೋದಷ್ಟೂ ವಾಲು ಹೆಚ್ಚು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಾದ್ದರಿಂದ ಇಲ್ಲಿ ವಾಲು ಅಲ್ಪವೇ ಇರಬೇಕು. ಫೋನಿನ ದಿಕ್ಸೂಚಿ ತೆರೆದು, ಪೂರ್ವದಿಂದಲೋ ಪಶ್ಚಿಮದಿಂದಲೋ ನಿಂತು, ಕಾಂಡವನ್ನು ಗಾಜಿನ ಮನೆಯ ನೇರ ಕಂಬವೊಂದಕ್ಕೆ ಹೋಲಿಸಿ ನೋಡಿ. ಮಕ್ಕಳನ್ನು ಕರೆದೊಯ್ದರೆ ಈ ಒಂದು ಮರದ ಬಳಿ ಅರ್ಧ ಗಂಟೆ ಕಳೆಯಬಹುದು.

ಆಮ್ಹರ್ಸ್ಟಿಯಾ ನೋಬಿಲಿಸ್ ಅನ್ನು ಹುಡುಕಲು ಸ್ವಲ್ಪ ಸಹನೆ ಬೇಕು. ಮರ ಸಾಧಾರಣ ಎತ್ತರದ್ದು. ಹೂವಿಲ್ಲದ ದಿನಗಳಲ್ಲಿ ಅದರ ಮುಂದೆ ಹಾದು ಹೋದರೂ ಗೊತ್ತಾಗುವುದಿಲ್ಲ. ನಾನು ಎರಡು ವರ್ಷ ತಪ್ಪಿದ ತಿಂಗಳಲ್ಲಿ ಹೋಗಿ, ಮೂರನೆಯ ವರ್ಷ ಅದನ್ನು ಹೂವಿನಲ್ಲಿ ಕಂಡೆ. ಉದ್ದ ತೊಟ್ಟಿನಿಂದ ದೀಪದ ಗೊಂಚಲಿನಂತೆ ಕೆಳಮುಖವಾಗಿ ತೂಗುವ ಕಡುಗೆಂಪು ಹೂಗಳು, ಎಸಳಿನ ತುದಿಯಲ್ಲಿ ಹಳದಿಯ ಬೊಟ್ಟು. ಅಂಥ ಹೂವನ್ನು ನಾನು ಬೇರೆ ಯಾವ ಮರದಲ್ಲೂ ನೋಡಿಲ್ಲ. ಬರ್ಮಾ ಮೂಲದ ಈ ಮರಕ್ಕೆ ನಥಾನಿಯೆಲ್ ವಾಲಿಕ್ ಎಂಬ ಸಸ್ಯವಿಜ್ಞಾನಿ ಗವರ್ನರ್ ಜನರಲ್ ಆಮ್ಹರ್ಸ್ಟ್ ಅವರ ಪತ್ನಿಯ ಗೌರವಾರ್ಥ ಈ ಹೆಸರಿಟ್ಟ. ಬೀಜ ಕಟ್ಟುವುದು ತೀರ ಕಡಿಮೆಯಾದ್ದರಿಂದ ತೋಟಗಳಲ್ಲಿ ಅದು ಹೆಚ್ಚಾಗಲಿಲ್ಲ. ಹೂವಿನ ಕಾಲ ತಪ್ಪಿದರೆ ಚಿಗುರನ್ನಾದರೂ ನೋಡಿ: ಎಳೆಯ ಎಲೆಗಳು ಕಂದುಗುಲಾಬಿ ಬಣ್ಣದ ಒದ್ದೆ ಬಟ್ಟೆಯಂತೆ ಜೋತುಬಿದ್ದು, ಕೆಲವು ದಿನಗಳಲ್ಲಿ ಹಸಿರಾಗಿ ಸೆಟೆದುಕೊಳ್ಳುತ್ತವೆ. ಮೇಲೆ ಹೇಳಿದ ಸರಾಕಾ ಅಶೋಕದಲ್ಲೂ, ಅಮೆರಿಕ ಮೂಲದ ಬ್ರೌನಿಯಾದಲ್ಲೂ ಚಿಗುರು ಹೀಗೆಯೇ ಜೋಲುತ್ತದೆ. ಮೂರೂ ಒಂದೇ ಕುಟುಂಬದವು. ಈ ಹೋಲಿಕೆಯನ್ನು ಒಮ್ಮೆ ಕಣ್ಣಾರೆ ಕಂಡವರು ಆ ಕುಟುಂಬದ ಲಕ್ಷಣವನ್ನು ಮರೆಯುವುದಿಲ್ಲ.

ನಾಗಲಿಂಗ ಎಲ್ಲರಿಗೂ ಗೊತ್ತಿರುವ ಹೂ. ಹೆಡೆಯ ಕೆಳಗೆ ಲಿಂಗವಿರುವಂತೆ ತೋರುವ ಅದನ್ನು ಶಿವನ ಪೂಜೆಗೆ ಇಡುತ್ತೇವೆ, ದೇವಸ್ಥಾನದ ಅಂಗಳದಲ್ಲಿ ಬೆಳೆಸುತ್ತೇವೆ. ಆದರೆ ಮರದ ತವರು ದಕ್ಷಿಣ ಅಮೆರಿಕದ ಕಾಡು. ಹೂ ಬಿಡುವುದು ಕೊಂಬೆಯ ತುದಿಯಲ್ಲಲ್ಲ. ಕಾಂಡದ ಮೈಯಿಂದಲೇ ಹೊರಟು ಹಗ್ಗದಂತೆ ಹೆಣೆದುಕೊಂಡ ಕಡ್ಡಿಗಳಲ್ಲಿ. ಹೆಡೆಯಂತೆ ಕಾಣುವುದು ಬಾಗಿದ ಕೇಸರಗಳ ಪಟ್ಟಿ. ವರ್ಷದ ಬಹುತೇಕ ಕಾಲ ಹೂವಿರುತ್ತದೆ. ಫಿರಂಗಿ ಗುಂಡಿನಷ್ಟು ದೊಡ್ಡದಾದ ಕಾಯಿಗಳು ತಾವಾಗಿಯೇ ಕಳಚಿ ಬೀಳುತ್ತವೆ, ಒಡೆದರೆ ದುರ್ನಾತ ಬೀರುತ್ತವೆ. ಹೂ ನೋಡುವಾಗ ಕಾಯಿಯ ಕೆಳಗೆ ನಿಲ್ಲಬೇಡಿ.

ಅದೇ ಎಚ್ಚರಿಕೆ ಆಫ್ರಿಕದ ಕೈಜೀಲಿಯಾ ಮರಕ್ಕೂ ಸಲ್ಲುತ್ತದೆ. ಮರಸೌತೆ ಎಂಬ ಕನ್ನಡ ಹೆಸರು ಅದರ ಕಾಯಿಯನ್ನು ಸರಿಯಾಗಿ ಚಿತ್ರಿಸುತ್ತದೆ, ತೂಕವನ್ನು ಮಾತ್ರ ಹೇಳುವುದಿಲ್ಲ: ಒಂದೊಂದು ಕಾಯಿ ಹಲವು ಕಿಲೋ ತೂಗಿ, ಉದ್ದ ಹಗ್ಗದಂಥ ತೊಟ್ಟಿನಲ್ಲಿ ನೇತಾಡುತ್ತದೆ. ಕಪ್ಪಿಗೆ ಹತ್ತಿರವಾದ ಕಡುಗೆಂಪು ಹೂಗಳು ರಾತ್ರಿ ಅರಳಿ ಬಾವಲಿಗಳನ್ನು ಕರೆಯುತ್ತವೆ, ಬೆಳಗಾಗುವಷ್ಟರಲ್ಲಿ ಉದುರುತ್ತವೆ. ಬಿದ್ದ ಹೂವೊಂದನ್ನು ಎತ್ತಿ ಮೂಸಿ ನೋಡಿದರೆ, ಅದು ಮನುಷ್ಯರನ್ನು ಮೆಚ್ಚಿಸಲು ಬಂದ ಪರಿಮಳವಲ್ಲ ಎಂದು ತಕ್ಷಣ ತಿಳಿಯುತ್ತದೆ.

ಕೊಲ್ವಿಲಿಯಾ ರೆಸಿಮೋಸಾ ಎಲೆಯಲ್ಲಿ ಗುಲ್‌ಮೊಹರನ್ನೇ ಹೋಲುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ಅದರ ಕೊಂಬೆಗಳ ತುದಿಯಲ್ಲಿ ದ್ರಾಕ್ಷಿಗೊಂಚಲಿನಂತೆ ಒತ್ತಾದ ಕಿತ್ತಳೆ ಮೊಗ್ಗುಗಳು ಇಳಿಬೀಳುತ್ತವೆ. ಮೊಗ್ಗಿನ ಹಂತವೇ ಹೂವಿನ ಹಂತಕ್ಕಿಂತ ಚೆಂದ. ಬಿಳಿ ಬೂರುಗದ, ಅಂದರೆ ಸೀಬಾ ಪೆಂಟಾಂಡ್ರಾದ, ಹಳೆಯ ಮರವನ್ನು ನೋಡಲು ಮಾತ್ರ ಯಾವ ತಿಂಗಳೂ ಸರಿ. ಗೋಡೆಗಳಂತೆ ಎದ್ದಿರುವ ಅದರ ಬುಡದ ಬೇರುಗಳ ನಡುವೆ ಮನುಷ್ಯರು ನಿಂತರೆ ಮರೆಯಾಗಿಬಿಡುತ್ತಾರೆ. ತಮಿಳುನಾಡಿನ ತಿರುವಕ್ಕರೈಯಿಂದ ತಂದಿಟ್ಟಿರುವ, ಸುಮಾರು 2 ಕೋಟಿ ವರ್ಷ ಹಳೆಯ ಕಲ್ಲಾದ ಮರದ ತುಂಡೊಂದು ಕೂಡ ತೋಟದಲ್ಲಿದೆ. ಜೀವಂತ ಮರದ ತೊಗಟೆಯನ್ನು ಮುಟ್ಟಿದ ಕೈಯಿಂದಲೇ ಅದರ ನಾರಿನ ಗೆರೆಗಳನ್ನು ನೋಡಿಕೊಂಡು ಹೋಗಬೇಕು.

ಸಂಜೆಯವರೆಗೆ ಉಳಿಯುವವರು ಮಳೆಮರದ ಕೆಳಗೆ ಕುಳಿತು ಮುಗಿಸಲಿ. ಬೆಳಕು ಇಳಿಯುತ್ತಿದ್ದಂತೆ ಅದರ ಚಿಕ್ಕ ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ, ಹಗಲೆಲ್ಲ ಮುಚ್ಚಿದ್ದ ಆಕಾಶ ನಿಮ್ಮ ತಲೆಯ ಮೇಲೆ ತೆರೆದುಕೊಳ್ಳುತ್ತದೆ.

ಐದನೆಯ ಹೆಜ್ಜೆ: ಫಲಪುಷ್ಪ ಪ್ರದರ್ಶನ

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಆಸುಪಾಸಿನಲ್ಲಿ ತೋಟಗಾರಿಕೆ ಇಲಾಖೆ ಮತ್ತು ಮೈಸೂರು ಉದ್ಯಾನ ಕಲಾ ಸಂಘ ಸೇರಿ ನಡೆಸುವ ಈ ಎರಡು ಪ್ರದರ್ಶನಗಳಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕೇಂದ್ರವಾಗಿರುವ ಗಾಜಿನ ಮನೆ ಇಂಥ ಪ್ರದರ್ಶನಗಳಿಗೆಂದೇ ಕಟ್ಟಿದ್ದು. ಜಾನ್ ಕ್ಯಾಮರಾನ್ ತೋಟದ ಮೇಲ್ವಿಚಾರಕರಾಗಿದ್ದಾಗ, 1889ರ ನವೆಂಬರ್ 30ರಂದು ಅದಕ್ಕೆ ಶಂಕುಸ್ಥಾಪನೆಯಾಯಿತು; ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಅದಕ್ಕೆ ಮಾದರಿ. (ನಮ್ಮ ಅಡುಗೆಮನೆಯ ಸೀಮೆಬದನೆಯನ್ನು ಇಲ್ಲಿಗೆ ತಂದವರೂ ಕ್ಯಾಮರಾನ್ ಎಂದು ಹೇಳುತ್ತಾರೆ, ತಮಿಳರೂ ತೆಲುಗರೂ ಅದನ್ನು ಇಂದಿಗೂ ಬೆಂಗಳೂರು ಬದನೆ ಎಂದೇ ಕರೆಯುತ್ತಾರೆ.)

ಎರಡೂ ಪ್ರದರ್ಶನಗಳು ಒಂದೇ ಬಗೆಯವೆಂದು ತಿಳಿಯಬಾರದು. ಜನವರಿಯದು ಚಳಿಗಾಲದ ಹೂಗಳದ್ದು. ಪೆಟೂನಿಯಾ, ಸಾಲ್ವಿಯಾ, ಫ್ಲಾಕ್ಸ್, ಡೇಲಿಯಾ, ಪ್ಯಾನ್ಸಿ, ಚೆಂಡುಹೂ, ಸೇವಂತಿಗೆಗಳನ್ನು ಎರಡು ಮೂರು ತಿಂಗಳ ಮೊದಲೇ ಸಸಿ ಮಾಡಿ, ಪ್ರದರ್ಶನದ ವಾರಕ್ಕೆ ಸರಿಯಾಗಿ ಅರಳುವಂತೆ ಲೆಕ್ಕ ಹಾಕಿ ಪಾತಿಗೆ ಇಳಿಸಿರುತ್ತಾರೆ. ಒಣಹವೆಯಲ್ಲಿ ಎಸಳು ಕೆಡದೆ ಬಯಲಿನ ಪಾತಿಗಳೂ ಚೆನ್ನಾಗಿರುತ್ತವೆ. ಆಗಸ್ಟಿನಲ್ಲಿ ಮಳೆ ಬಯಲಿನ ಹೂವನ್ನು ಹಾಳುಮಾಡುತ್ತದೆ. ಹಾಗಾಗಿ ಮಾಡಿನ ಕೆಳಗೆ ಬೆಳೆಸಿದ ಆರ್ಕಿಡ್, ಆಂಥೂರಿಯಂ, ಬೆಗೋನಿಯಾ ಮುಂತಾದವುಗಳೂ ಎಲೆಯ ಬಣ್ಣಕ್ಕಾಗಿ ಬೆಳೆಸುವ ಗಿಡಗಳೂ ಆಗಿನ ಆಕರ್ಷಣೆ. ಬಯಲಿನ ಪಾತಿಗಳಿಗಾಗಿ ಜನವರಿಯನ್ನು, ಕುಂಡದ ಗಿಡಗಳಿಗಾಗಿ ಆಗಸ್ಟನ್ನು ಆರಿಸಿಕೊಳ್ಳಿ. ಒಂದನ್ನೇ ಆರಿಸಬೇಕೆಂದರೆ ನನ್ನ ಒಲವು ಜನವರಿಗೆ.

ಗಾಜಿನ ಮನೆಯ ನಡುವೆ ಲಕ್ಷಾಂತರ ಹೂಗಳಿಂದ ಕಟ್ಟುವ ದೊಡ್ಡ ಮಾದರಿಯ ಮುಂದೆ ಜನಸಂದಣಿ ಅತಿ ಹೆಚ್ಚು. ಕೊಯ್ದ ಹೂ ಬಾಡುವುದರಿಂದ ಸಾಮಾನ್ಯವಾಗಿ ನಡುವೆ ಒಮ್ಮೆ ಹೂಗಳನ್ನು ಬದಲಾಯಿಸುತ್ತಾರೆ. ಆರಂಭದ ಎರಡು ಮೂರು ದಿನಗಳಲ್ಲಾಗಲೀ ಈ ಬದಲಾವಣೆಯ ಮರುದಿನವಾಗಲೀ, ವಾರದ ನಡುವಿನ ಬೆಳಿಗ್ಗೆ ಹೋದರೆ ತಾಜಾತನವೂ ಜಾಗವೂ ಎರಡೂ ಸಿಗುತ್ತವೆ. ಭಾನುವಾರದ ಮಧ್ಯಾಹ್ನ ಮತ್ತು ರಜೆಯ ದಿನ ಗಿಡ ನೋಡುವವರಿಗೆ ಸಲ್ಲದ ಹೊತ್ತು. ಮಾದರಿಯನ್ನು ನೋಡಿಕೊಂಡು ಹೊರಬಂದವರು ಮನೆಗೆ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಇಕೆಬಾನ (ಜಪಾನೀ ಹೂಜೋಡಣೆ), ಪುಷ್ಪಭಾರತಿ (ಭಾರತೀಯ ಶೈಲಿಯ ಹೂಜೋಡಣೆ), ಬೋನ್ಸಾಯ್, ಜಾನೂರು (ತೆಂಗಿನ ಎಳೆಗರಿಯ ಅಲಂಕಾರ), ತರಕಾರಿ ಕೆತ್ತನೆಯ ಸ್ಪರ್ಧೆಗಳ ವಿಭಾಗಕ್ಕೆ ಹೋಗಿ. ಅಲ್ಲಿ ಊರಿನ ಹವ್ಯಾಸಿಗಳು ತಿಂಗಳುಗಟ್ಟಲೆ ಸಾಕಿದ ಕುಂಡಗಳು ಇರುತ್ತವೆ, ಮಾಲೀಕರು ಪಕ್ಕದಲ್ಲೇ ಇದ್ದರೆ ಮಣ್ಣಿನ ಮಿಶ್ರಣ, ಗೊಬ್ಬರ, ನೀರಿನ ಅಳತೆಗಳನ್ನು ಸಂತೋಷದಿಂದ ಹೇಳುತ್ತಾರೆ. ಪ್ರದರ್ಶನದ ಟಿಕೆಟ್ ಇದ್ದ ದಿನವೇ, ಜನವೆಲ್ಲ ಗಾಜಿನ ಮನೆಯಲ್ಲಿರುವಾಗ, ದಕ್ಷಿಣದ ಕೆರೆಯ ಕಡೆಯ ಮರಗಳು ಎಷ್ಟೋ ವೇಳೆ ನಿರ್ಜನವಾಗಿರುವುದನ್ನೂ ಕಂಡಿದ್ದೇನೆ.

ಆರನೆಯ ಹೆಜ್ಜೆ: ಕಬ್ಬನ್ ಪಾರ್ಕ್

ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ 1870ರಲ್ಲಿ ರೂಪಿಸಿದ ಈ ಉದ್ಯಾನದ ಅಧಿಕೃತ ಹೆಸರು 1927ರಿಂದ ಶ್ರೀ ಚಾಮರಾಜೇಂದ್ರ ಉದ್ಯಾನ. ಇದು ಸಸ್ಯಸಂಗ್ರಹದ ತೋಟವಲ್ಲ, ಪ್ರವೇಶ ಶುಲ್ಕವಿಲ್ಲದ ಊರಿನ ಅಂಗಳ. ಒಂದೊಂದು ಅಪರೂಪದ ಮರವನ್ನು ಹುಡುಕುವುದಕ್ಕಿಂತ ಸಾಲುಗಳನ್ನೂ ಗುಂಪುಗಳನ್ನೂ ನೋಡಲು ಇಲ್ಲಿಗೆ ಬರಬೇಕು. ತಬೂಬಿಯಾದ ಒಂದು ಮರ ಚೆಂದ. ಕೆಂಪು ಬಣ್ಣದ ಹಳೆಯ ಕಟ್ಟಡಗಳ ಹಿನ್ನೆಲೆಯಲ್ಲಿ, ಉದುರಿದ ಹೂವಿನ ಹಾಸಿನೊಂದಿಗೆ, ಹಲವು ಮರಗಳು ಒಮ್ಮೆಗೇ ಅರಳಿದಾಗ ಅದು ಬೇರೆಯೇ ಅನುಭವ. ಭಾನುವಾರ ಉದ್ಯಾನದೊಳಗಿನ ರಸ್ತೆಗಳಲ್ಲಿ ವಾಹನ ಸಂಚಾರವಿರುವುದಿಲ್ಲವಾದ್ದರಿಂದ, ಲಾಲ್‌ಬಾಗಿಗೆ ನಾನು ಬೇಡವೆಂದ ಭಾನುವಾರ ಇಲ್ಲಿಗೆ ಒಳ್ಳೆಯದು. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ನೇರಳೆ ಮಾರ್ಗದಲ್ಲಿದೆ.

ಇಲ್ಲಿನ ಸಿಲ್ವರ್ ಓಕ್ ಮರಗಳನ್ನು ಬೇಸಿಗೆಯ ಆರಂಭದಲ್ಲಿ ತಪ್ಪದೆ ನೋಡಿ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ನೆರಳಿನ ಮರವೆಂದೇ ನಾವು ಬಲ್ಲ ಈ ಆಸ್ಟ್ರೇಲಿಯದ ಮರ, ಬಾಚಣಿಗೆಯ ಹಲ್ಲುಗಳಂತೆ ಒಂದೇ ಬದಿಗೆ ತಿರುಗಿದ ಹೊಂಬಣ್ಣದ ಹೂಗಳನ್ನು ಬಿಡುತ್ತದೆ. ಬಿದಿರಮೆಳೆಗಳ ಬಳಿ ಗಾಳಿ ಬೀಸುವ ಹೊತ್ತಿನಲ್ಲಿ ನಿಲ್ಲಿ. ಗಳುಗಳು ಒಂದಕ್ಕೊಂದು ಉಜ್ಜುವ ಸದ್ದು ಪಕ್ಕದ ರಸ್ತೆಯ ಸದ್ದನ್ನು ಮರೆಸುತ್ತದೆ.

ಏಳನೆಯ ಹೆಜ್ಜೆ: ಫಲಕವಿಲ್ಲದ ಮರವನ್ನು ಗುರುತಿಸುವುದು

ಕಬ್ಬನ್ ಪಾರ್ಕಿನಲ್ಲೂ ಬೀದಿಗಳಲ್ಲೂ ಬಹುತೇಕ ಮರಗಳಿಗೆ ಫಲಕವಿಲ್ಲ. ಫೋನಿನ ಆ್ಯಪ್ ಹೇಳಿದ ಹೆಸರನ್ನು ಒಂದು ಸುಳಿವೆಂದು ಮಾತ್ರ ತೆಗೆದುಕೊಂಡು, ಎಲೆ ಮತ್ತು ಕಾಯಿಯಿಂದ ಖಚಿತಪಡಿಸಿಕೊಳ್ಳಬೇಕು. ಗುಲ್‌ಮೊಹರ್ ಮತ್ತು ಜಕರಾಂಡ ಎರಡಕ್ಕೂ ಗರಿಯಂಥ ಸೀಳು ಎಲೆ. ಹೂವಿಲ್ಲದಾಗ ಗೊಂದಲ ಸಹಜ. ಗುಲ್‌ಮೊಹರಿನ ಕಾಯಿ ಮಕ್ಕಳು ಕತ್ತಿಯಾಟ ಆಡುವಂಥ ಉದ್ದನೆಯ ಮರದಂಥ ಕಾಯಿ. ಜಕರಾಂಡದ್ದು ಅಂಗೈಯೊಳಗೆ ಕೂರುವ ಚಪ್ಪಟೆ ದುಂಡು ಕಾಯಿ. ಎರಡೂ ತಿಂಗಳುಗಟ್ಟಲೆ ಮರದಲ್ಲೇ ಇರುತ್ತವೆ. ತಬೂಬಿಯಾದ ಎಲೆ ಕೈಬೆರಳುಗಳಂತೆ ಐದಾಗಿ ಹರಡಿರುತ್ತದೆ. ತಿಳಿಗುಲಾಬಿಯ ದೊಡ್ಡ ಮರ ರೋಸಿಯಾ, ಕಡುಗುಲಾಬಿಯ ಚಿಕ್ಕ ಮರ ಅದರ ಸಮೀಪದ ಬಂಧು ಇಂಪೆಟಿಜಿನೋಸಾ. ಒಂಟೆಯ ಗೊರಸಿನಂತೆ ಎರಡಾಗಿ ಸೀಳಿದ ಎಲೆ ಕಂಡರೆ ಅದು ಬಸವನಪಾದದ ಬಳಗ. ಬಿದ್ದ ಹೂ, ಬಿದ್ದ ಎಲೆ, ಬಿದ್ದ ಕಾಯಿಗಳಲ್ಲೇ ಇಷ್ಟೆಲ್ಲವೂ ತಿಳಿಯುತ್ತದೆ. ಯಾವುದನ್ನೂ ಕೀಳುವ ಅಗತ್ಯವಿಲ್ಲ, ಕೀಳಲೂ ಬಾರದು.

ಎತ್ತರದ ಕೊಂಬೆಗಳಲ್ಲಿ ಹೆಜ್ಜೇನಿನ ಹುಟ್ಟುಗಳಿರಬಹುದು. ಕೆಳಗೆ ಹೊಗೆ, ಕಲ್ಲೆಸೆತ, ಗದ್ದಲ ಸಲ್ಲದು. ಮಳೆಗಾಳಿ ಎದ್ದಾಗ ಗುಲ್‌ಮೊಹರ್ ಮತ್ತು ಮಳೆಮರಗಳ ಕೆಳಗೆ ಆಶ್ರಯ ಪಡೆಯಬೇಡಿ, ಅವುಗಳ ಕೊಂಬೆಗಳು ಸುಲಭವಾಗಿ ಮುರಿಯುತ್ತವೆ.

ಎಂಟನೆಯ ಹೆಜ್ಜೆ: ಒಂದು ಮರವನ್ನು ಆರಿಸಿಕೊಂಡು ಮತ್ತೆ ಮತ್ತೆ ಹೋಗುವುದು

ಮೊದಲ ಭೇಟಿಯ ಕೊನೆಗೆ, ನೋಡಿದ ಹತ್ತರಲ್ಲಿ ಒಂದು ಮರವನ್ನು ನಿಮ್ಮದೆಂದು ಆರಿಸಿಕೊಳ್ಳಿ. ಮನೆಗೋ ಕಚೇರಿಗೋ ಹೋಗುವ ದಾರಿಯಲ್ಲಿರುವ ಮರವಾದರೆ ಇನ್ನೂ ಒಳ್ಳೆಯದು. ನೋಟ್‌ಪುಸ್ತಕದ ಒಂದು ಪುಟವನ್ನು ಅದಕ್ಕೆ ಮೀಸಲಿಟ್ಟು, ಎಲೆ ಉದುರಲು ಶುರುವಾದ ದಿನ, ಪೂರ್ತಿ ಬೋಳಾದ ದಿನ, ಮೊದಲ ಹೂ, ಹೂವಿನ ಉಚ್ಚ್ರಾಯ, ಮೊದಲ ಚಿಗುರು, ಕಾಯಿ ಒಡೆದದ್ದು ಎಂಬ ಆರು ಸಂಗತಿಗಳನ್ನು ದಿನಾಂಕದೊಡನೆ ಬರೆಯುತ್ತ ಹೋಗಿ. ಪಕ್ಕದಲ್ಲಿ ಆ ವಾರ ಮಳೆ ಬಂದಿತ್ತೇ ಎಂದು ಒಂದು ಗುರುತು ಹಾಕಿ. ಪ್ರತಿ ಸಲವೂ ಒಂದೇ ಜಾಗದಲ್ಲಿ ನಿಂತು ಒಂದು ಫೋಟೊ ತೆಗೆಯಿರಿ.

ಮೊದಲ ವರ್ಷ ಇವು ಬರೀ ದಿನಾಂಕಗಳು. ಎರಡನೆಯ ವರ್ಷ ಹೋಲಿಸಲು ಒಂದು ಸಾಲು ಇರುತ್ತದೆ. ಮೂರನೆಯ ವರ್ಷದ ಹೊತ್ತಿಗೆ, ಬೋಳಾದ ದಿನದಿಂದ ಹೂವಿನ ಉಚ್ಚ್ರಾಯಕ್ಕೆ ನಿಮ್ಮ ಮರ ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂಬುದು ಕೈಗೆ ಸಿಕ್ಕಿರುತ್ತದೆ. ಊರಿನಿಂದ ಬರುವ ಅಕ್ಕನಿಗೆ ಫೆಬ್ರವರಿಯ ಯಾವ ವಾರಕ್ಕೆ ಬಸ್ಸಿನ ಟಿಕೆಟ್ ಮಾಡಬೇಕೆಂದು ಆಗ ನೀವೇ ಹೇಳಬಹುದು.